ಮತಗಟ್ಟೆಯ ದಾರಿ ತೋರಿಸುವುದೂ ವಿಸ್ತರಣೆಯ ಕೆಲಸವೇ

ಈ ಪತ್ರಿಕೆಯಲ್ಲಿ ಇದುವರೆಗೆ ನಾನು ಬರೆದದ್ದೆಲ್ಲ ಭತ್ತದ ನಾಟಿ, ಹಸಿರೆಲೆ ಗೊಬ್ಬರ, ಅಡಿಕೆ ತೋಟದ ಬಸಿಗಾಲುವೆ ಇಂಥ ವಿಷಯಗಳನ್ನು ಕುರಿತದ್ದು. ಬೇಸಾಯಶಾಸ್ತ್ರದವನೊಬ್ಬ ಚುನಾವಣೆಯ ಮಾತೆತ್ತಿದರೆ ಓದುಗರಿಗೆ ಸ್ವಲ್ಪ ವಿಚಿತ್ರವೆನಿಸಬಹುದು. ಯಾರಿಗೆ ಮತ ಹಾಕಬೇಕೆಂದು ಹೇಳುವುದು ನನ್ನ ಕೆಲಸವಲ್ಲ, ಹೇಳುವುದೂ ಇಲ್ಲ. ಎಲ್ಲಿಗೆ ಹೋಗಿ ಹಾಕಬೇಕು ಎಂಬ ಚಿಕ್ಕ ವಿಷಯವೊಂದನ್ನು ಮಾತ್ರ ಇಲ್ಲಿ ವಿವೇಚಿಸುತ್ತೇನೆ. ಅದು ಅಷ್ಟು ಚಿಕ್ಕದಲ್ಲವೆಂದು ನನಗೆ ತಿಳಿದದ್ದು ನಮ್ಮ ಮನೆಯಲ್ಲೇ.

ನನ್ನ ತಾಯಿಯ ತಂಗಿ ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯವರು. 2018ರ ಮೇ 12ರಂದು ವಿಧಾನಸಭಾ ಚುನಾವಣೆ. ಆಗ ಅವರಿಗೆ 72 ವರ್ಷ. ಮದುವೆಯಾಗಿ ಬಂದಾಗಿನಿಂದ ಅವರು ಮತ ಹಾಕಿದ್ದು ಮನೆಯ ಕೆಳಗಿನ ಬೈಲು ದಾಟಿದರೆ ಸಿಗುವ ಶಾಲೆಯಲ್ಲಿ. ಅಂದೂ ಬೆಳಿಗ್ಗೆ ಅಲ್ಲಿಗೇ ಹೋದರು. ಒಂದು ಗಂಟೆ ಸರತಿಯಲ್ಲಿ ನಿಂತು ಒಳಗೆ ಹೋದಾಗ, ನಿಮ್ಮ ಹೆಸರು ಈ ಪಟ್ಟಿಯಲ್ಲಿ ಇಲ್ಲ, ಹೊಳೆಯ ಆಚೆ ಇರುವ ಇನ್ನೊಂದು ಶಾಲೆಯಲ್ಲಿ ಉಂಟು ಎಂದರು. ಮತದಾರರ ಸಂಖ್ಯೆ ಹೆಚ್ಚಿತೆಂದು ಮತಗಟ್ಟೆಯನ್ನು ಎರಡು ಮಾಡಿದ್ದರು. ಸುತ್ತಿ ಹೋದರೆ ಮೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ, ಬಿಸಿಲು ಏರಿತ್ತು, ರಸ್ತೆಯಲ್ಲಿ ಬಸ್ಸಿಲ್ಲ. ಅವರು ಮನೆಗೆ ಮರಳಿ ತೆಂಗಿನಕಾಯಿ ತುರಿಯಲು ಕುಳಿತರು. ಆ ವರ್ಷ ಅವರ ಮತ ಬೀಳಲಿಲ್ಲ.

ಇದರಲ್ಲಿ ಕಚೇರಿಯ ತಪ್ಪೇನೂ ಇರಲಿಲ್ಲವೆಂಬುದು ನನಗೆ ಸಂಜೆ ಗೊತ್ತಾಯಿತು. ಚುನಾವಣೆಗೆ ಆರು ದಿನ ಮೊದಲೇ ಮತದಾರರ ಚೀಟಿ ಮನೆಗೆ ಬಂದಿತ್ತು. ಯಾರೋ ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದರು. ಹೆಸರು ಸರಿಯುಂಟೇ ಎಂದು ಎಲ್ಲರೂ ನೋಡಿದ್ದರು, ಮಸಿ ಮಸಿಯಾದ ಫೋಟೋ ನೋಡಿ ನಕ್ಕಿದ್ದರು. ಮತಗಟ್ಟೆಯ ಹೆಸರಿದ್ದ ಸಾಲನ್ನು ಮಾತ್ರ ಒಬ್ಬರೂ ಓದಿರಲಿಲ್ಲ, ಏಕೆಂದರೆ ಮತಗಟ್ಟೆ ಎಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು! ಹಿಂದಿನ ಭಾನುವಾರ ನಾನೂ ಅದೇ ಮನೆಯಲ್ಲಿ ಊಟ ಮಾಡಿ ಬಂದವನು. ಡಾಕ್ಟರೇಟು ಪಡೆದ ನಾನೂ ಅದನ್ನು ಓದಲಿಲ್ಲ.

ರೈತ ಬಾಂಧವರೇ, ನಮ್ಮ ವಿಸ್ತರಣಾ ಕೆಲಸದಲ್ಲಿ ಇದು ತೀರ ಪರಿಚಿತವಾದ ಕಾಯಿಲೆ. ಶಿಫಾರಸು ಮುದ್ರಣವಾಗಿರುತ್ತದೆ, ಕರಪತ್ರ ಮನೆ ಸೇರಿರುತ್ತದೆ, ಆದರೆ ವಿಷಯ ತಲೆಗೆ ಸೇರಿರುವುದಿಲ್ಲ. ನಾವು ವಿಜ್ಞಾನಿಗಳು ಎಷ್ಟೋ ಸಲ ಕರಪತ್ರ ಹಂಚಿದ ಲೆಕ್ಕವನ್ನೇ ತಿಳಿಸಿದ ಲೆಕ್ಕವೆಂದು ವರದಿ ಬರೆದು ಸುಮ್ಮನಾಗುತ್ತೇವೆ. ಮತದಾನದ ವಿಷಯದಲ್ಲಿಯೂ ಹಾಗೆಯೇ ನಡೆಯುತ್ತಿದೆ ಎಂಬುದು ನನ್ನ ಅಭಿಪ್ರಾಯ. ಮತ ಹಾಕಿರಿ ಎಂದು ಜಾಥಾ, ಬೀದಿ ನಾಟಕ, ಗೋಡೆ ಬರಹ ಎಲ್ಲವೂ ಧಾರಾಳವಾಗಿ ನಡೆಯುತ್ತವೆ. ಎಲ್ಲಿ ಎಂದು ಹೇಳುವವರು ಕಡಿಮೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನೆಲದ ರೀತಿಯನ್ನು ಬಲ್ಲವರಿಗೆ ಈ ‘ಎಲ್ಲಿ’ಯ ಕಷ್ಟವನ್ನು ಹೆಚ್ಚು ವಿವರಿಸಬೇಕಿಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಮನೆಗಳು, ನಡುವೆ ಗುಡಿ, ಒಂದು ಕಟ್ಟೆ, ಒಂದು ಶಾಲೆ. ಡಂಗುರ ಹೊಡೆದರೆ ಊರಿಗೆಲ್ಲ ಕೇಳಿಸುತ್ತದೆ. ನಮ್ಮಲ್ಲಿ ಹಾಗಿಲ್ಲ. ಅವರವರ ಮನೆ ಅವರವರ ತೋಟದೊಳಗೆ. ಒಂದು ಬೈಲಿನಲ್ಲಿ ನಾಲ್ಕು ಮನೆ, ಗುಡ್ಡೆ ಹತ್ತಿ ಇಳಿದರೆ ಇನ್ನು ಮೂರು. ಕಂದಾಯ ದಾಖಲೆಯಲ್ಲಿ ಅದು ಒಂದೇ ಗ್ರಾಮ. ಮನೆಗೆ ಹೆಸರು ಉಂಟು, ಜನರು ಗುರುತಿಸುವುದೂ ಆ ಹೆಸರಿನಿಂದಲೇ. ಮತದಾರರ ಪಟ್ಟಿಯಲ್ಲಿ ಇರುವುದು ಪಂಚಾಯತಿಯ ಮನೆ ಸಂಖ್ಯೆ. ತಮ್ಮ ಮನೆಯ ಸಂಖ್ಯೆ ಬಾಯಿಪಾಠ ಬರುವ ಒಬ್ಬ ಹಿರಿಯರನ್ನೂ ನಾನು ಈ ಮೂರು ತಾಲೂಕುಗಳಲ್ಲಿ ಕಂಡಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಹೊಸ ಮನೆ ಕಟ್ಟಿದರೆ ಸಂಖ್ಯೆ ಬದಲು, ಕೆಲವೊಮ್ಮೆ ಮತಗಟ್ಟೆಯೂ ಬದಲು.

ಇದರ ಮೇಲೆ ಕ್ಷೇತ್ರದ ಗಡಿಯ ತೊಡಕು ಬೇರೆ. 2008ರ ಚುನಾವಣೆಯ ಹೊತ್ತಿಗೆ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ವಿಟ್ಲ ಕ್ಷೇತ್ರ ಇಲ್ಲವಾಯಿತು. ವಿಟ್ಲ ಪೇಟೆ ಬಂಟ್ವಾಳ ತಾಲೂಕಿನದು, ಆದರೆ ಅಲ್ಲಿನವರ ಮತ ಪುತ್ತೂರು ಕ್ಷೇತ್ರಕ್ಕೆ. ಮೂಡುಬಿದಿರೆ ಕ್ಷೇತ್ರವೆಂದರೆ ಮೂಡುಬಿದಿರೆ ತಾಲೂಕಷ್ಟೇ ಅಲ್ಲ, ಕಡಲ ಬದಿಯ ಮೂಲ್ಕಿಯೂ ಅದರಲ್ಲಿದೆ. ಪಹಣಿಗೆ ಒಂದು ಕಚೇರಿ, ಮತಕ್ಕೆ ಇನ್ನೊಂದು ಕ್ಷೇತ್ರ ಎಂದಾಗ ಯಾವ ಕಚೇರಿಯಲ್ಲಿ ವಿಚಾರಿಸಬೇಕೆಂಬುದೇ ಜನರಿಗೆ ಸಂದೇಹ. ಗ್ರಾಮ ಪಂಚಾಯತಿ ಚುನಾವಣೆಯಂತೂ ಬೇರೆಯೇ ವ್ಯವಸ್ಥೆ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿ ಪಟ್ಟಿ ತಯಾರಾಗುವುದು ಪಂಚಾಯತಿ ಕ್ಷೇತ್ರಗಳಿಗೆ ಅನುಸಾರವಾಗಿ. 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಯಲ್ಲಿ ಒಂದು ಕೋಣೆಗೆ ಹೋದವರು ಮುಂದಿನ ವಿಧಾನಸಭಾ ಚುನಾವಣೆಗೂ ಅದೇ ಕೋಣೆಯೆಂದು ತಿಳಿಯುವುದು ಸಹಜ, ಆದರೆ ಅದು ತಪ್ಪಾಗಬಹುದು.

ಬೇಕಾದವನು ಹುಡುಕಿಕೊಂಡು ಹೋಗುತ್ತಾನೆ, ಬೇಡದವನಿಗೆ ದಾರಿ ತೋರಿಸಿ ಏನು ಫಲ ಎಂದು ವಾದಿಸುವವರುಂಟು. ಈ ವಾದ ಸರಿಯೇ ಎಂದು ಪರೀಕ್ಷಿಸಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಪ್ರಯೋಗವೆಂದರೆ ಯಾರೂ ಬೇಕೆಂದು ಹೂಡಿದ್ದಲ್ಲ, ತಾನಾಗಿ ಒದಗಿದ್ದು. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ 2003ರ ಅಕ್ಟೋಬರಿನಲ್ಲಿ ಅವಸರದ ಚುನಾವಣೆಯೊಂದು ಬಂದಾಗ ಮತಗಟ್ಟೆಗಳ ಸಂಖ್ಯೆಯನ್ನು ಬಹಳವಾಗಿ ಇಳಿಸಿದರು. ಕೆಲವರ ಮತಗಟ್ಟೆ ಬದಲಾಯಿತು, ಕೆಲವರದು ಹಳೆಯದೇ ಉಳಿಯಿತು. ನಮ್ಮ ಪ್ರಯೋಗ ತಾಕುಗಳಲ್ಲಿ ಉಪಚಾರ ಕೊಟ್ಟ ತಾಕು, ಕೊಡದ ತಾಕು ಇರುವಂತೆಯೇ. ಬ್ರೇಡಿ ಮತ್ತು ಮೆಕ್‌ನಲ್ಟಿ ಎಂಬ ಇಬ್ಬರು ವಿದ್ವಾಂಸರು ಈ ಎರಡು ಗುಂಪುಗಳನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಮತಗಟ್ಟೆ ಬದಲಾದವರಲ್ಲಿ ಖುದ್ದಾಗಿ ಬಂದು ಮತ ಹಾಕಿದವರ ಪ್ರಮಾಣ ನೂರಕ್ಕೆ ಸುಮಾರು 3ರಷ್ಟು ಕಡಿಮೆಯಾಗಿತ್ತು. ಅಂಚೆಯ ಮೂಲಕ ಹಾಕಿದವರನ್ನು ಸೇರಿಸಿದರೂ ಸುಮಾರು 2ರಷ್ಟು ಕಡಿಮೆ. ಗಮನಿಸಬೇಕಾದ ಅಂಶವೆಂದರೆ, ಹೊಸ ಮತಗಟ್ಟೆ ಹಳೆಯದಕ್ಕಿಂತ ದೂರವಿಲ್ಲದ ಕಡೆಯೂ ಮತ ಇಳಿದಿತ್ತು. ದೂರ ಒಂದು ಕಾರಣ, ಎಲ್ಲಿ ಎಂಬುದು ಹೊಸದಾಗಿದ್ದೇ ಇನ್ನೊಂದು ಕಾರಣ. ಅಂಚೆಯಲ್ಲಿ ಮತ ಹಾಕುವ ಸೌಲಭ್ಯ ಅಲ್ಲಿ ಸಾಮಾನ್ಯ ಜನರಿಗೂ ಉಂಟು, ಕಾರುಗಳೂ ಉಂಟು. ಎರಡೂ ಇಲ್ಲದ ನಮ್ಮ ಗುಡ್ಡೆ ಮನೆಗಳಲ್ಲಿ ಪರಿಣಾಮ ಇನ್ನೂ ಕಡಿಮೆಯಿರಲಾರದು.

ದಾರಿ ಗೊತ್ತಿದ್ದು ಮತಗಟ್ಟೆ ಹತ್ತಿರವಿದ್ದರೆ ಏನಾಗುತ್ತದೆಂಬುದಕ್ಕೆ ಬೆಳ್ತಂಗಡಿ ತಾಲೂಕಿನಲ್ಲಿಯೇ ದೃಷ್ಟಾಂತವಿದೆ. ನೆರಿಯ ಗ್ರಾಮದ ಬಾಂಜಾರುಮಲೆ ಘಟ್ಟದ ಕಾಡಿನೊಳಗಿನ ಜಾಗ, ಅಲ್ಲಿ ಇರುವವರು ಮಲೆಕುಡಿಯ ಕುಟುಂಬಗಳು. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಮತಗಟ್ಟೆಯ ಪಟ್ಟಿಯಲ್ಲಿದ್ದ 111 ಮತದಾರರಲ್ಲಿ 111 ಮಂದಿಯೂ ಮತ ಹಾಕಿದರು. ನೂರಕ್ಕೆ ನೂರು! ಅದೇ ದಿನ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಬಿದ್ದ ಮತ ಶೇಕಡಾ 53ರಷ್ಟು. ರಸ್ತೆ, ದೀಪ, ಮೊಬೈಲು, ನಡೆದು ಹೋಗುವಷ್ಟು ಹತ್ತಿರದ ಶಾಲೆ ಎಲ್ಲವೂ ಇದ್ದ ಪಟ್ಟಣಿಗರನ್ನು ಬಾಂಜಾರುಮಲೆಯವರು ನಾಚಿಸಿದರು ಎಂದು ಆಗ ಅನೇಕರು ಹೊಗಳಿದರು. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ನಾನು ಅದರಲ್ಲಿ ಇನ್ನೊಂದು ಪಾಠ ಕಾಣುತ್ತೇನೆ. ಅಲ್ಲಿ ಮತಗಟ್ಟೆ ಒಂದೇ, ಇರುವುದು ಅವರ ನಡುವೆಯೇ, ಮತ್ತು ಯಾರು ಬಂದರು ಯಾರು ಬರಲಿಲ್ಲ ಎಂಬುದು ಪರಸ್ಪರರಿಗೆ ಗೊತ್ತು. ಗುಜರಾತಿನ ಗಿರ್ ಕಾಡಿನ ಬಾಣೇಜಿನಲ್ಲಿ ಒಬ್ಬನೇ ಮತದಾರನಿಗಾಗಿ ಮತಗಟ್ಟೆ ತೆರೆಯುವುದನ್ನು ಓದುಗರು ಕೇಳಿರಬಹುದು. ಮತದಾರನ ಬಳಿಗೆ ಮತಗಟ್ಟೆ ಹೋಗಬೇಕೆಂಬ ತತ್ವವನ್ನು ಚುನಾವಣಾ ಆಯೋಗ ಒಪ್ಪಿಕೊಂಡೇ ಇದೆ. ಸಾಧ್ಯವಾದ ಮಟ್ಟಿಗೆ ಯಾರೂ 2 ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು, ಹೊಳೆ ಮುಂತಾದ ಅಡ್ಡಿ ದಾಟುವಂತಾಗಬಾರದು ಎಂಬ ಸೂಚನೆಯೂ ಇದೆ. ಮತಗಟ್ಟೆಗಳ ಕರಡು ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು ಮತದಾನದ ದಿನ ಹೊಳೆಬದಿಯಲ್ಲಿ ನಿಂತು ಗೊಣಗಿದರೆ ಪ್ರಯೋಜನವಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನಮ್ಮ ಜಿಲ್ಲೆಯವರು ಮತದಾನದಲ್ಲಿ ಹಿಂದುಳಿದವರಲ್ಲ. 2024ರಲ್ಲಿ ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಶೇಕಡಾ 77.56ರಷ್ಟು ಮತ ಬಿದ್ದಿತು. ಉಳಿದ 22ರಲ್ಲಿ ಎಲ್ಲರೂ ಸೋಮಾರಿಗಳೆಂದು ತಿಳಿಯುವುದು ತಪ್ಪು. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ದುಡಿಯುವವರ ಹೆಸರು ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಮದುವೆಯಾಗಿ ಬಂಟ್ವಾಳಕ್ಕೆ ಬಂದ ಹೆಣ್ಣುಮಗಳ ಹೆಸರು ಬೆಳ್ತಂಗಡಿಯ ತವರಿನಲ್ಲೇ ಇರುತ್ತದೆ. ಅವರನ್ನೆಲ್ಲ ಬಿಟ್ಟ ಮೇಲೂ, ಊರಿನಲ್ಲಿದ್ದು, ಮನಸ್ಸಿದ್ದು, ದಾರಿ ತಪ್ಪಿ ಮತ ಕಳೆದುಕೊಂಡವರು ಪ್ರತಿ ಮತಗಟ್ಟೆಯಲ್ಲಿ ಕೆಲವರಾದರೂ ಇರುತ್ತಾರೆ. ನಾನು ಬರೆಯುತ್ತಿರುವುದು ಅವರಿಗೋಸ್ಕರ. ಮುಂದಿನ ದಿನಗಳಲ್ಲಿ ಅಂಥವರು ಹೆಚ್ಚಾಗುವ ಸಂಭವವೂ ಇದೆ. ಒಂದು ಮತಗಟ್ಟೆಗೆ 1,500ರವರೆಗೆ ಇದ್ದ ಮಿತಿಯನ್ನು ಆಯೋಗವು 2025ರಲ್ಲಿ 1,200ಕ್ಕೆ ಇಳಿಸಿತು. ಸರತಿ ಚಿಕ್ಕದಾಗಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ದೊಡ್ಡ ಮತಗಟ್ಟೆಗಳು ಒಡೆಯುವಾಗ ಕೆಲವು ಮನೆಗಳವರು ಹಳೆಯ ಶಾಲೆಯಿಂದ ಹೊಸ ಕೋಣೆಗೆ ಸರಿಯಲೇಬೇಕು.

ಈಗ ಈ ಸುದ್ದಿ ಮುಟ್ಟಿಸುವವರು ಯಾರು? ಮೊದಲನೆಯವರು ಮತಗಟ್ಟೆ ಮಟ್ಟದ ಅಧಿಕಾರಿಗಳು. ಇವರಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರೇ ಬಹಳ. ತಮ್ಮ ನಿತ್ಯದ ಕೆಲಸದ ಮೇಲೆ ಈ ಹೊರೆ ಹೊತ್ತು ಮಧ್ಯಾಹ್ನದ ಬಿಸಿಲಲ್ಲಿ ಗುಡ್ಡೆ ಹತ್ತಿ ಚೀಟಿ ಕೊಡುತ್ತಾರೆ. ಮನೆಯವರು ಅಡಿಕೆ ಹೆಕ್ಕಲು ಹೋಗಿದ್ದರೆ ಚೀಟಿ ನೆರೆಮನೆಯಲ್ಲಿ ಉಳಿಯುತ್ತದೆ. ಎರಡನೆಯವರು ಪಕ್ಷದ ಕಾರ್ಯಕರ್ತರು. ಈ ತಾಲೂಕುಗಳಲ್ಲಿ ಅವರಷ್ಟು ಚುರುಕಾದವರು ಬೇರೆಯಿಲ್ಲವೆಂದು ಒಪ್ಪಬೇಕು. ಆದರೆ ಅವರು ಎರಡು ಸಲ ಹೋಗುವುದು ತಮ್ಮದೆಂದು ಎಣಿಸಿದ ಮನೆಗೆ. ಯಾರದೆಂದು ತಿಳಿಯದ ಮನೆ, ಒಂಟಿ ಮುದುಕಿಯ ಮನೆ, ಹೊಸತಾಗಿ ಬಂದ ರಬ್ಬರ್ ಟ್ಯಾಪರನ ಬಿಡಾರ, ಇವು ಎಲ್ಲ ಪಕ್ಷಗಳ ಲೆಕ್ಕದಿಂದಲೂ ಜಾರಿ ಬೀಳುತ್ತವೆ.

ಆದುದರಿಂದ ಮೂರನೆಯದೊಂದು ದಾರಿ ಬೇಕು. ಅದು ನಮ್ಮ ಕೈಯಲ್ಲೇ ಇದೆ. ಎಂ.ಓ.-4 ಭತ್ತದ ತಳಿ ನಮ್ಮ ಕರಾವಳಿಯಲ್ಲಿ ಇಷ್ಟು ಹರಡಿದ್ದು ನಾವು ಬರೆದ ಲೇಖನಗಳಿಂದ ಎಂದು ನಾನು ಹೇಳಲಾರೆ. ನನಗೆ ಕಂಡಂತೆ ಪಕ್ಕದ ಗದ್ದೆಯ ಪೈರು ನೋಡಿ, ಕಟ್ಟಪುಣಿಯ ಮೇಲೆ ನಿಂತು ಕೇಳಿ, ಒಂದು ಮುಡಿ ಬೀಜ ಒಯ್ದವರೇ ಹೆಚ್ಚು. ಸುದ್ದಿ ಹರಡುವ ಅದೇ ಕಟ್ಟಪುಣಿ ಇವತ್ತು ಹಾಲಿನ ಸೊಸೈಟಿಯಾಗಿದೆ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಬರುವವರು ಎಲ್ಲ ಪಕ್ಷದವರು, ಎಲ್ಲ ಜಾತಿಯವರು, ಅದರಲ್ಲೂ ಹೆಂಗಸರು. ಅಲ್ಲಿನ ಗೋಡೆಯ ಮೇಲೆ ಚುನಾವಣೆಗೆ ಹದಿನೈದು ದಿನ ಮೊದಲು ಒಂದು ದೊಡ್ಡ ಕಾಗದ ಅಂಟಿಸಬೇಕು. ಅದರಲ್ಲಿ ಮತದಾರರ ಹೆಸರು ಬೇಡ, ಮೊಬೈಲ್ ಸಂಖ್ಯೆಯಂತೂ ಬೇಡವೇ ಬೇಡ. ಇಂಥಿಂಥ ಬೈಲು, ಇಂಥ ಗುಡ್ಡೆ, ಇಂಥ ಕಾಲೊನಿಯ ಮನೆಗಳಿಗೆ ಇಂಥ ಶಾಲೆಯ ಪೂರ್ವ ಬದಿಯ ಕೋಣೆ, ಭಾಗ ಸಂಖ್ಯೆ ಇಷ್ಟು, ಎಂದು ಮನೆ ಹೆಸರಿನ ಭಾಷೆಯಲ್ಲಿ ಬರೆಯಬೇಕು. ಕಳೆದ ಸಲಕ್ಕಿಂತ ಬದಲಾದ ಕಡೆ ಕೆಂಪು ಶಾಯಿಯ ಗೆರೆ ಹಾಕಬೇಕು. ಬರೆದದ್ದನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ ತೋರಿಸಿ ಸರಿಯೆಂದು ಖಚಿತಪಡಿಸಿಕೊಳ್ಳದೆ ಅಂಟಿಸಬಾರದು. ತಪ್ಪು ಮಾಹಿತಿ ಮಾಹಿತಿಯಿಲ್ಲದ್ದಕ್ಕಿಂತ ಕೆಟ್ಟದ್ದು. ತಪ್ಪು ಪ್ರಮಾಣದಲ್ಲಿ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಗರಿಯನ್ನು ಸುಡುವುದನ್ನು ಕಂಡವರು ನಾವು.

ಪೂರ್ವ ಬದಿ, ಪಶ್ಚಿಮ ಬದಿ ಎಂದದ್ದಕ್ಕೆ ಕಾರಣವುಂಟು. ಮೂಡುಬಿದಿರೆ, ಬಂಟ್ವಾಳದಂಥ ಪೇಟೆಯ ಶಾಲೆಗಳಲ್ಲಿ ಒಂದೇ ಕಟ್ಟಡದಲ್ಲಿ ಹಲವು ಮತಗಟ್ಟೆಗಳು ಇರುತ್ತವೆ. ಶಾಲೆ ಸರಿ, ಸಾಲು ತಪ್ಪು ಎಂದರೆ ಅರ್ಧ ಗಂಟೆ ದಂಡ. ಅಂಥಲ್ಲಿ ಒಳಗೆ ನುಗ್ಗುವ ಮೊದಲು ಹೊರಗಿನ ಮತದಾರರ ಸಹಾಯ ಕೇಂದ್ರದಲ್ಲಿ ಕೇಳಬೇಕು. ಅಲ್ಲಿ ಅಕಾರಾದಿಯಾಗಿ ಹೆಸರು ಹುಡುಕುವ ಪಟ್ಟಿ ಇರುತ್ತದೆ. ಮೊಬೈಲು ಬಲ್ಲ ಮಕ್ಕಳಿಗೆ ಹೇಳಿದರೆ ಆಯೋಗದ ಜಾಲತಾಣದಲ್ಲಿ ಗುರುತಿನ ಚೀಟಿಯ ಸಂಖ್ಯೆ ಹಾಕಿ ಮತಗಟ್ಟೆಯನ್ನು ತೋರಿಸಿಕೊಡುತ್ತಾರೆ. 2023ರ ಚುನಾವಣೆಗೆ ನಮ್ಮ ರಾಜ್ಯದಲ್ಲಿ ‘ಚುನಾವಣಾ’ ಎಂಬ ಆಪ್ ಕೂಡ ಬಂದಿತ್ತು. ಮೊಬೈಲಿನ ಗೊಡವೆ ಬೇಡವೆನ್ನುವವರು 1950 ಸಂಖ್ಯೆಗೆ ಕರೆ ಮಾಡಬಹುದು. ಚಾರ್ಮಾಡಿ ಕಡೆಯ ಕೆಲವು ಬೈಲುಗಳಲ್ಲಿ ಸಿಗ್ನಲ್ ಹುಡುಕಲು ಗುಡ್ಡೆ ಹತ್ತಬೇಕಾದ್ದರಿಂದಲೇ ನಾನು ಗೋಡೆಯ ಕಾಗದವನ್ನು ಮೊದಲು ಹೇಳಿದ್ದು.

ಇನ್ನು ಚೀಟಿಯ ವಿಷಯ. 2018ರಲ್ಲಿ ಬಂದಂಥ ಫೋಟೋ ಇರುವ ಚೀಟಿ ಈಗಿಲ್ಲ. ಈಗಿನದು ಮತಗಟ್ಟೆ, ದಿನಾಂಕ, ವೇಳೆ ತಿಳಿಸುವ ಮಾಹಿತಿ ಚೀಟಿ ಮಾತ್ರ. ಅದನ್ನು ಹಿಡಿದು ಹೋದರೆ ದಾರಿ ಸಿಗುತ್ತದೆ, ಗುರುತಿಗೆ ಅದು ನಡೆಯುವುದಿಲ್ಲ. ಗುರುತಿನ ಚೀಟಿ, ಅದಿಲ್ಲವಾದರೆ ಆಧಾರ್, ಚಾಲನಾ ಪರವಾನಗಿ, ಫೋಟೋ ಅಂಟಿಸಿದ ಬ್ಯಾಂಕಿನ ಪಾಸ್ ಪುಸ್ತಕ ಇಂಥದೊಂದು ಬೇಕು. ವಿಳಾಸ ಬದಲಾದವರು ನಮೂನೆ 8ನ್ನು ತುಂಬಿ ಕೊಡಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿ ತಿದ್ದುವಂತಿಲ್ಲ. ಸೊಸೆ ಬಂದ ಮನೆಯವರು ಪಡಿತರ ಚೀಟಿಗೆ ತೋರಿಸುವ ಆತುರವನ್ನು ಇದಕ್ಕೂ ತೋರಿಸಿದರೆ ಸಾಕು.

ದಾರಿ ತೋರಿಸುವುದು ಬೇರೆ, ವಾಹನದಲ್ಲಿ ಕರೆದೊಯ್ಯುವುದು ಬೇರೆ ಎಂಬುದನ್ನೂ ತಿಳಿದಿರಬೇಕು. ಮತದಾನದ ದಿನ ಬಸ್ಸುಗಳು ಚುನಾವಣಾ ಕೆಲಸಕ್ಕೆ ಹೋಗಿ ಒಳದಾರಿಗಳು ಬರಿದಾಗುತ್ತವೆ. ಆಗ ಅಭ್ಯರ್ಥಿಯ ಕಡೆಯ ಜೀಪು ಬಾಗಿಲಿಗೆ ಬಂದರೆ ಹತ್ತುವ ಆಸೆಯಾಗುವುದು ಸಹಜ. 1951ರ ಪ್ರಜಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಅಭ್ಯರ್ಥಿಯಾಗಲಿ ಅವನ ಒಪ್ಪಿಗೆಯಿಂದ ಇನ್ನೊಬ್ಬರಾಗಲಿ ಮತದಾರರನ್ನು ಬಿಟ್ಟಿ ವಾಹನದಲ್ಲಿ ಒಯ್ಯುವುದು ಭ್ರಷ್ಟಾಚಾರ. ಸ್ವಂತ ಖರ್ಚಿನಲ್ಲಿ ಸಾರ್ವಜನಿಕ ವಾಹನ ಹತ್ತಲು ಅಡ್ಡಿಯಿಲ್ಲ. ಮತದಾರರು ತಾವೇ ದುಡ್ಡು ಸೇರಿಸಿ ಗಾಡಿ ಗೊತ್ತುಮಾಡಿಕೊಂಡರೆ ತಪ್ಪಲ್ಲವೆಂದು ಕಾಯಿದೆ ಹೇಳುತ್ತದೆ, ಆದರೆ ಆ ಗಾಡಿ ಯಂತ್ರದಿಂದ ಓಡುವಂಥದ್ದಾಗಿರಬಾರದು! ಎತ್ತಿನ ಗಾಡಿಯ ಕಾಲದ ಮಾತು. ಇವತ್ತು ಬಂಟ್ವಾಳದಲ್ಲಿ ಎತ್ತಿನ ಗಾಡಿ ಹುಡುಕುವುದು ಮತಗಟ್ಟೆ ಹುಡುಕುವುದಕ್ಕಿಂತ ಕಷ್ಟ. ಮನೆಯ ವಾಹನದಲ್ಲಿ ಮನೆಯವರನ್ನು ಕರೆದೊಯ್ಯಲು ತೊಂದರೆಯಿಲ್ಲ, ಮತಗಟ್ಟೆಯಿಂದ 200 ಮೀಟರ್ ದೂರದಲ್ಲೇ ಇಳಿಸಬೇಕಷ್ಟೆ. ಅದಕ್ಕಿಂತ ಹೆಚ್ಚಿನದನ್ನು ಮಾಡಹೊರಟವರು ಚುನಾವಣಾ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಲೇಸು. 85 ದಾಟಿದವರಿಗೂ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ 2024ರಲ್ಲಿ ಮನೆಯಲ್ಲೇ ಮತ ಹಾಕಲು ಅವಕಾಶವಿತ್ತು. ಅದಕ್ಕೆ ಅಧಿಸೂಚನೆಯಾದ ಐದು ದಿನಗಳೊಳಗೆ ನಮೂನೆ 12ಡಿ ಕೊಡಬೇಕಾಗಿತ್ತು. ಐದೇ ದಿನವಾದ್ದರಿಂದ ಮನೆಯವರು ಮೊದಲೇ ಎಚ್ಚರವಾಗಿರಬೇಕು.

ತೋಟದ ಯಜಮಾನರಿಗೆ ಒಂದು ಮಾತು. 2018, 2019, 2023, 2024ರ ನಾಲ್ಕು ಚುನಾವಣೆಗಳೂ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ನಡೆದವು. ಗೇರುಬೀಜ ಬೀಳುವ, ತೋಟಕ್ಕೆ ನೀರು ಬಿಡಲೇಬೇಕಾದ, ಮಳೆಗೆ ಮುಂಚೆ ಸೊಪ್ಪು ಸೌದೆ ಒಳಗಿಡುವ ದಿನಗಳು. ದುಡಿಯುವವರಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನು ವ್ಯಾಪಾರ, ಕೈಗಾರಿಕೆ ಮುಂತಾದ ಸಂಸ್ಥೆಗಳಿಗೆ ವಿಧಿಸಿದೆ. ದಿನಗೂಲಿಯವರೂ ಅದರಲ್ಲಿ ಸೇರಿದ್ದಾರೆ. ನಮ್ಮ ತೋಟ ಸಂಸ್ಥೆಯೋ ಅಲ್ಲವೋ ಎಂದು ಚರ್ಚಿಸುತ್ತಾ ಕೂರದೆ ಅಂದಿನ ಕೂಲಿ ಕೊಟ್ಟು ಕಳುಹಿಸಿದರೆ ನಮಗೇನೂ ನಷ್ಟವಾಗದು. ಕಳುಹಿಸುವಾಗ ಯಾವ ಶಾಲೆ, ಯಾವ ಕೋಣೆ ಎಂದು ಅವರ ಚೀಟಿ ಓದಿ ಹೇಳಿ ಕಳುಹಿಸಿ. ಅಷ್ಟನ್ನೇ ಹೇಳಿ, ಚಿಹ್ನೆಯ ಮಾತು ಬೇಡ.

ಚಿಕ್ಕಮ್ಮನ ವಿಷಯಕ್ಕೆ ಮರಳುತ್ತೇನೆ. 2019ರಿಂದ ನಮ್ಮ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಚೀಟಿ ಬಂದ ದಿನ ಅದರ ಮತಗಟ್ಟೆಯ ಸಾಲನ್ನು ಯಾರಾದರೂ ಗಟ್ಟಿಯಾಗಿ ಓದಬೇಕು. ಚುನಾವಣೆಯ ಹಿಂದಿನ ಭಾನುವಾರ ಅವರನ್ನು ಹೊಸ ಶಾಲೆಯವರೆಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಬೇಕು. 2024ರಲ್ಲಿ ನಾನೇ ಹೋಗಿದ್ದೆ. ಅವರಿಗೆ ಆಗ 78. ಬೀಗ ಹಾಕಿದ ಕೋಣೆಯ ಮುಂದೆ ನಿಂತು ನೆರಳು ಎಷ್ಟು ಹೊತ್ತಿನವರೆಗೆ ಇರುತ್ತದೆ, ಕುಡಿಯುವ ನೀರಿನ ನಲ್ಲಿ ಎಲ್ಲಿ, ಮೆಟ್ಟಿಲು ಎಷ್ಟು ಎಂದೆಲ್ಲ ವಿಚಾರಿಸಿದರು. ಹಿಡಿದುಕೊಳ್ಳಲು ಕೈಪಿಡಿ ಇಲ್ಲದ್ದಕ್ಕೆ ಅಸಮಾಧಾನ ತೋರಿಸಿದರು. ಏಪ್ರಿಲ್ 26ರಂದು ತೋಟಕ್ಕೆ ಬೆಳಿಗ್ಗೆ ಆರಕ್ಕೇ ನೀರು ಬಿಟ್ಟು, ಏಳೂವರೆಗೆ ನಿಲ್ಲಿಸಿ ಹೊರಟೆವು. ಒಂಬತ್ತಕ್ಕೆ ಅವರು ಮನೆಯಲ್ಲಿದ್ದರು. ಬೆರಳಿನ ಶಾಯಿ ಒಣಗುವುದಕ್ಕೆ ಮೊದಲೇ, ಗುಡ್ಡೆಯ ಗೇರುಬೀಜ ಹೆಕ್ಕಲು ಇನ್ನೂ ಯಾರೂ ಹೋಗಲಿಲ್ಲವೆಂದು ನಮ್ಮನ್ನು ಬೈಯಲು ಪ್ರಾರಂಭಿಸಿದ್ದರು.